ಪಲ್ಪರ್ ಮನೆಯ ಬ್ಯಾಂಡು

ವಸಂತಮ್ಮನಿಗೆ ವಾಚು ಕಟ್ಟುವ ಅಭ್ಯಾಸವಿರಲಿಲ್ಲ. ಬೇಕು ಅಂತ ಅನಿಸಿದ್ದೂ ಇಲ್ಲ. ಆಲ್ದೂರಿನಿಂದ ಜಾವಳಿಯವರೆಗೆ ಅವಳ ವಯಸ್ಸಿನವರು ಯಾರೇ ಸಿಗಲಿ, ವಸಂತಳ ಕೈ ಅಂದರೆ ಗಡಿಯಾರ ಎಂದೇ ಅವಳ ಪರಿಚಯ ಹೇಳುತ್ತಿದ್ದರು. ಈ ಮಾತನ್ನು ಅವಳು ಮೊದಲು ಕೇಳಿದ್ದು ಕಾಲೇಜು ಹುಡುಗಿಯಾಗಿದ್ದಾಗ, ತವರಿನ ಕಾಫಿ ತೋಟದ ಪಲ್ಪರ್ ಮನೆಯಲ್ಲಿ ಡ್ರಮ್ಮಿನ ಹಿಂದೆ ಕೂತು. ಆಮೇಲೆ ಮದುವೆಯಾಗಿ ಕಳಸದ ಕಡೆಗೆ ಹೋದಳು. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾನೇ ನೋಡಿಕೊಂಡಳು, ಜೀಪು ಓಡಿಸುವುದು ಕಲಿತಳು, ಬೇಲಿ ಒತ್ತಿದ ಪಕ್ಕದವರ ಜೊತೆ ಜಗಳವಾಡಿ ಗೆದ್ದಳು. ಇದಕ್ಕೆಲ್ಲ ಜನ ಹೊಗಳಿದರೂ ಅವಳಿಗೆ ನಾಟುತ್ತಿರಲಿಲ್ಲ. ತೋಟ ಯಾರು ಬೇಕಾದರೂ ನೋಡಿಕೊಳ್ಳುತ್ತಾರೆ. ತಾಳ ಹಿಡಿದ ಕೈ ಮಾತ್ರ ತನ್ನದೊಂದೇ ಎಂದು ಅವಳ ಲೆಕ್ಕ.

ಅಂಥ ವಸಂತಮ್ಮ ಈಗ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಅದೇ ತವರಿನ ಕಾಫಿ ಕಣದಲ್ಲಿ, ಮೊಮ್ಮಗಳು ತಂದಿಟ್ಟ ಹೊಳೆಯುವ ಡ್ರಮ್ ಸೆಟ್ಟಿನ ಹಿಂದೆ ಕೂತು ಒಂದೇ ಹಾಡನ್ನು ಮತ್ತೆ ಮತ್ತೆ ಕೆಡಿಸುತ್ತಿದ್ದಳು. ಮಾರನೇ ದಿನ ಸಂಜೆ ಇದೇ ಕಣದಲ್ಲಿ, ಊರೆಲ್ಲ ಸೇರಿದಾಗ, ಅದೇ ಹಾಡನ್ನು ಬಾರಿಸಬೇಕಿತ್ತು.

ಪಲ್ಪರ್ ಮನೆಯ ಬ್ಯಾಂಡಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಆಗಿನ್ನೂ ತೋಟಕ್ಕೆ ಕರೆಂಟು ಬಂದಿರಲಿಲ್ಲ. ಹಗಲೆಲ್ಲ ಕುಯ್ದ ಕಾಫಿ ಹಣ್ಣನ್ನು ಸಂಜೆ ಅಳತೆ ಮಾಡಿ ಪಲ್ಪರಿಗೆ ಸುರಿಯುತ್ತಿದ್ದರು. ಹಣ್ಣಿನ ಸಿಪ್ಪೆ ಬಿಡಿಸುವ ಆ ಯಂತ್ರವನ್ನು ತಿರುಗಿಸಲು ಎದೆಮಟ್ಟದ ಚಕ್ರವಿದ್ದ ಒಂದು ಡೀಸೆಲ್ ಎಂಜಿನ್ ಇತ್ತು. ಅದಕ್ಕೇ ಡೈನಮೋ ಕಟ್ಟಿ ಬಂಗಲೆಗೂ ದೀಪ ಎಳೆದಿದ್ದರು. ವಸಂತಮ್ಮನ ಅಪ್ಪ ಬೇರೆಲ್ಲದರಲ್ಲಿ ಧಾರಾಳಿ, ಡೀಸೆಲ್ ವಿಷಯಕ್ಕೆ ಬಂದರೆ ಮಾತ್ರ ಮಹಾ ಜಿಪುಣ. ಕೊನೆಯ ಗೋಣಿ ಸುರಿದ ಕೂಡಲೇ "ನಿಲ್ಸ್ರೋ ಅದನ್ನ, ಡೀಸೆಲ್ ಸುಮ್ನೆ ಉರೀತಿದೆ" ಎಂದು ಬಂಗಲೆಯ ಜಗಲಿಯಿಂದಲೇ ಕೂಗು ಬರುತ್ತಿತ್ತು. ಹೀಗಾಗಿ ಬ್ಯಾಂಡು ನುಡಿಸುವುದಿದ್ದರೆ ಪಲ್ಪರ್ ಓಡುವಾಗಲೇ ನುಡಿಸಬೇಕು. ಎಂಜಿನ್ ಹೇಗೂ ಓಡುತ್ತಿರುವಾಗ ಮಕ್ಕಳು ಒಂದಿಷ್ಟು ಕರೆಂಟು ಎಳೆದುಕೊಂಡರೆ ಅಪ್ಪನ ತಕರಾರಿರಲಿಲ್ಲ. ಹಣ್ಣಿದ್ದ ದಿನ ಹಾಡು, ಹಣ್ಣು ಮುಗಿದ ಮೇಲೆ ಮುಂದಿನ ಕುಯ್ಲಿನವರೆಗೆ ಬಾಯಿ ಬಂದ್. ಕುಯ್ಲು ನೋಡಿಕೊಂಡು ಬಾಳಿದ ರಾಕ್ ಬ್ಯಾಂಡು ಈ ಭೂಮಿಯ ಮೇಲೆ ಇನ್ನೊಂದು ಇದ್ದರೆ ಯಾರಾದರೂ ತೋರಿಸಲಿ.

ಬ್ಯಾಂಡಿನಲ್ಲಿ ಇದ್ದದ್ದು ಮೂರೇ ಜನ. ಅಣ್ಣ ದೇವರಾಜ ಹಾಡುತ್ತಿದ್ದ, ಊರು ಬಿಟ್ಟು ಹೊರಟ ಒಬ್ಬ ಬಿಳಿ ದೊರೆಯ ಸಾಮಾನಿನಲ್ಲಿ ಸಿಕ್ಕಿದ ಗಿಟಾರು ನುಡಿಸುತ್ತಿದ್ದ. ಆಲ್ದೂರು ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಸೋಮಶೇಖರಪ್ಪನವರ ಮಗ ಶಶಿಧರ್ ಹಲಸಿನ ಹಲಗೆಗೆ ದಪ್ಪ ತಂತಿ ಬಿಗಿದು ತನ್ನ ಬೇಸ್ ಗಿಟಾರು ತಾನೇ ಮಾಡಿಕೊಂಡಿದ್ದ. ಅಪ್ಪನ ಅಂಗಡಿಯ ಹಳೇ ರೇಡಿಯೋಗಳ ಹೊಟ್ಟೆ ಬಗೆದು ಆಂಪ್ಲಿಫೈಯರ್ ಕಟ್ಟಿದವನೂ ಅವನೇ. ವಸಂತ ಕಾನ್ವೆಂಟಿನಲ್ಲಿ ಮಾರ್ಚ್‌ಪಾಸ್ಟಿಗೆ ಸೈಡ್ ಡ್ರಮ್ ಬಾರಿಸಿದವಳು. ಅದರ ಜೊತೆಗೆ ಮದುವೆ ವಾಲಗದವರು ಮಾರಿದ ಒಂದು ದೊಡ್ಡ ಡ್ರಮ್ಮು, ಅಮ್ಮನ ಹಂಡೆಯ ಹಿತ್ತಾಳೆ ಮುಚ್ಚಳ. ಸೈಕಲ್ ಬ್ರೇಕಿನ ತಂತಿಯಿಂದ ಶಶಿಧರ್ ಕಾಲಲ್ಲಿ ತುಳಿಯುವ ಪೆಡಲ್ಲನ್ನೂ ಮಾಡಿಕೊಟ್ಟಿದ್ದ. ಮುಚ್ಚಳ ಹೋದ ವಿಷಯ ಅಮ್ಮನಿಗೆ ಗೊತ್ತಾದದ್ದು ಮೊದಲನೇ ಹಾಡು ಶುರುವಾದಾಗ.

ಕೇಳುವವರು ಯಾರೆಂದರೆ ಅಳತೆಗಾಗಿ ಕಾಯುತ್ತ ಕೂತ ಕುಯ್ಲಿನ ಹೆಂಗಸರು. ಮೊದಮೊದಲು ಸೆರಗು ಬಾಯಿಗೆ ಹಿಡಿದು ನಕ್ಕರು, ಆಮೇಲೆ ಕಾಲು ಕುಟ್ಟಿದರು, ಆಮೇಲೆ ಇಂಥದ್ದೇ ಹಾಡಬೇಕೆಂದು ಹಟ ಹಿಡಿದರು. ಅವರಿಗೆಂದೇ ದೇವರಾಜ ಒಂದು ಹಾಡು ಕಟ್ಟಿದ: "ಬುಟ್ಟಿ ತುಂಬಿತು, ಹೊತ್ತು ಮುಳುಗಿತು, ಅಳತೆ ಇನ್ನೂ ಆಗಲಿಲ್ಲ." ಸ್ವಂತ ಮಕ್ಕಳು ಸ್ವಂತ ಪಲ್ಪರ್ ಮನೆಯಲ್ಲಿ ತನ್ನ ಮೇಲೇ ಹಾಡು ಕಟ್ಟಿ ಕಿರುಚುವುದನ್ನು ಅಪ್ಪ ಜಗಲಿಯಲ್ಲಿ ಕೂತು ಪೂರ್ತಿ ಕೇಳಿದರು. ಮಾರನೇ ದಿನದಿಂದ ಅಳತೆ ಬೆಳಕಿರುವಾಗಲೇ ಶುರುವಾಯಿತು. ಆ ಹಾಡಿನ ದೊಡ್ಡಸ್ತಿಕೆಗೆ ಇದಕ್ಕಿಂತ ಬೇರೆ ಪುರಾವೆ ಬೇಕಾಗಿಲ್ಲ.

ಶಶಿಧರ್ ಒಂದು ಸಂಜೆ ಅಂಗಡಿಯ ಟೇಪ್‌ರೆಕಾರ್ಡರ್ ತಂದು ಅದನ್ನು ಹಿಡಿದಿಟ್ಟ. ಆ ಕ್ಯಾಸೆಟ್ಟು ಕೈಯಿಂದ ಕೈಗೆ, ಬಸ್ಸಿನಿಂದ ಬಸ್ಸಿಗೆ ನಕಲಾಗುತ್ತ ಮೂಡಿಗೆರೆ, ಕಳಸ, ಅತ್ತಿಗುಂಡಿಯವರೆಗೆ ಹೋಯಿತು. ಹಾಡಿನ ನಡುವೆ ಒಂದು ಕಡೆ ತಾಳ ಏರುದಾರಿ ಹತ್ತುವ ಲಾರಿಯ ಹಾಗೆ ಒಂದು ಗಳಿಗೆ ಜಗ್ಗಿ, ಮತ್ತೆ ಮುಂದಕ್ಕೆ ನುಗ್ಗುತ್ತಿತ್ತು. ಕೇಳಿದವರ ಮೈ ಜುಮ್ಮೆನ್ನುತ್ತಿದ್ದದ್ದು ಅಲ್ಲೇ. ಅದನ್ನು ಕೇಳಿ ಬೆಳೆದ ಹುಡುಗರು ಗಿಟಾರು ಹಿಡಿದಾಗ ತಮ್ಮ ಹಾಡಿನಲ್ಲೂ ಹಾಗೆ ಜಗ್ಗಿದರು, ಅವರನ್ನು ನೋಡಿ ಅವರ ನಂತರದವರು. ಇವತ್ತಿಗೂ ಬೆಂಗಳೂರಿನಿಂದ ಬಂದ ಡ್ರಮ್ಮರುಗಳು ಈ ಗುಡ್ಡದ ಬ್ಯಾಂಡುಗಳ ಜೊತೆ ಕೂತರೆ ಆ ಜಾಗದಲ್ಲಿ ಎಡವಿ ಬೀಳುತ್ತಾರೆ. ಅದಕ್ಕೆ ಹುಡುಗರು ಇಟ್ಟ ಹೆಸರು ಆಲ್ದೂರು ಜಗ್ಗು. ಅದನ್ನು ಹುಟ್ಟಿಸಿದ ಕೈ ವಸಂತಮ್ಮನದು ಎಂದು ಎಲ್ಲರೂ ನಂಬಿದ್ದರು, ವಸಂತಮ್ಮ ಎಲ್ಲರಿಗಿಂತ ಹೆಚ್ಚು ನಂಬಿದ್ದಳು.

ನಂಬಿದವರಲ್ಲಿ ಮೊಮ್ಮಗಳು ಧನ್ಯಾಳೂ ಒಬ್ಬಳು. ಚಿಕ್ಕಮಗಳೂರಿನಲ್ಲಿ ಓದು ಮುಗಿಸಿ, ಗೆಳೆಯರ ಜೊತೆ ಬ್ಯಾಂಡು ಕಟ್ಟಿ, ಬೇಸ್ ಗಿಟಾರು ನುಡಿಸುವ ಹುಡುಗಿ. ನಮ್ಮ ಗುಡ್ಡದಲ್ಲಿ ರಾಕ್ ಅನ್ನುವುದು ಮೊನ್ನೆ ಹೋಂಸ್ಟೇಗಳ ಜೊತೆ ಬಂದದ್ದಲ್ಲ, ನಮ್ಮಜ್ಜಿಯ ಕಾಲದಿಂದ ಇದೆ ಎಂದು ಅವಳು ಹೋದಲ್ಲೆಲ್ಲ ವಾದ ಮಾಡಿದ್ದಳು, ಕೇಳಿದವರು ಮೂಗು ಮುರಿದಿದ್ದರು. ಆ ಹಟಕ್ಕೆ ಬಿದ್ದು ಈ ಕಾರ್ಯಕ್ರಮ ಇಟ್ಟುಕೊಂಡಳು. ಗುಡ್ಡದ ಬ್ಯಾಂಡುಗಳೆಲ್ಲ ಹಾಡಿದ ಮೇಲೆ ಕೊನೆಯಲ್ಲಿ ಪಲ್ಪರ್ ಮನೆಯ ಬ್ಯಾಂಡು. ಅಜ್ಜಿಯನ್ನು ಒಪ್ಪಿಸುವುದಕ್ಕೆ ಕಷ್ಟವೇ ಆಗಲಿಲ್ಲ. ಕೇಳಿದ ದಿನವೇ ವಸಂತಮ್ಮ ಅಟ್ಟದಿಂದ ಹಳೇ ಕೋಲುಗಳನ್ನು ಇಳಿಸಿ ಎಣ್ಣೆ ಹಚ್ಚಿಟ್ಟಳು.

ಅದೇ ಕೋಲುಗಳು ಈಗ ಅವಳ ಮಾತು ಕೇಳುತ್ತಿರಲಿಲ್ಲ. ಶುರುವಿನಲ್ಲಿ ಸರಿಯಾಗಿಯೇ ಇದ್ದ ತಾಳ ಚರಣಕ್ಕೆ ಬರುವಾಗ ಓಡುತ್ತಿತ್ತು, ತಡೆದರೆ ಮಂಡಿ ಊರುತ್ತಿತ್ತು. ಸಹಾಯವಾಗಲಿ ಎಂದು ಧನ್ಯಾ ಅಜ್ಜಿಯ ಕಿವಿಗೆ ಟಿಕ್ ಟಿಕ್ ಎಂದು ಲಯ ಹೇಳುವ ಯಂತ್ರ ಸಿಕ್ಕಿಸಿದಳು. ಅದರಿಂದ ಇನ್ನೂ ಕೆಟ್ಟಿತು. ಕಿವಿಯಲ್ಲಿ ಮರಕುಟಿಗ ಕೂತ ಹಾಗಾಗುತ್ತದೆ ಎಂದು ಬೈದು ವಸಂತಮ್ಮ ಕಿತ್ತೆಸೆದಳು. ದೇವರಾಜ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಆಕಾಶ ನೋಡತೊಡಗಿದ. ಅಣ್ಣ ಬೈದಿದ್ದರೂ ಆಗುತ್ತಿತ್ತು, ಆ ಸುಮ್ಮನಿರುವಿಕೆಯನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ.

"ನನ್ನನ್ನ ಬಿಡಿ," ಅಂದಳು. "ಧನ್ಯಾ, ನಿಮ್ಮ ಡ್ರಮ್ಮರ್ ಹುಡುಗನೇ ಬಾರಿಸ್ಲಿ. ನನ್ ಕೈ ಹೋಯ್ತು."

ಧನ್ಯಾ ಅಜ್ಜಿಯ ಪಕ್ಕ ಮೊಣಕಾಲೂರಿ ಕೂತಳು. ನೀವಿಲ್ಲದೆ ಇವರಿಬ್ಬರೂ ಹಾಡಿದರೆ ಅದು ಪಲ್ಪರ್ ಮನೆಯ ಬ್ಯಾಂಡೇ ಅಲ್ಲ, ಬೇಕಾದರೆ ಕಾರ್ಯಕ್ರಮವನ್ನೇ ನಿಲ್ಲಿಸುತ್ತೇನೆ ಅಂದಳು. ವಸಂತಮ್ಮ ಉತ್ತರ ಕೊಡುವಷ್ಟರಲ್ಲಿ ಕಣಿವೆಯ ಆ ಕಡೆಯಿಂದ ಡುಗ್ ಡುಗ್ ಡುಗ್ ಎಂದು ಸದ್ದು ಕೇಳಿತು. ಪಕ್ಕದ ತೋಟದ ಬೊಮ್ಮಯ್ಯ ಕಾಫಿ ಹೂ ಬಿಡಲೆಂದು ನೀರು ಹಾಯಿಸಲು ಕೆರೆಯ ದಡದಲ್ಲಿ ತನ್ನ ಮುದಿ ಎಂಜಿನ್ ಹಚ್ಚಿದ್ದ. ಯಾರೂ ಅದರ ಕಡೆ ಗಮನ ಕೊಡಲಿಲ್ಲ. ಆದರೆ ವಸಂತಮ್ಮನ ಬಲಗಾಲು ತನ್ನಷ್ಟಕ್ಕೆ ತಾನು ಪೆಡಲ್ ತುಳಿಯತೊಡಗಿತು. ಕಾಲಿನ ತಾಳಕ್ಕೆ ಕೈಯೂ ಸೇರಿತು. ಶಶಿಧರ್ ಏನೂ ಕೇಳದೆ ಬೇಸ್ ಸೇರಿಸಿದ, ದೇವರಾಜ ಆಕಾಶ ಬಿಟ್ಟು ಗಿಟಾರಿಗೆ ಇಳಿದ. ಹಾಡು ಎಣ್ಣೆ ಹಾಕಿದ ಬಾಗಿಲಿನಂತೆ ತೆರೆದುಕೊಂಡಿತು. ಧನ್ಯಾ ಬಾಯಿ ಬಿಟ್ಟುಕೊಂಡು ನಿಂತಳು, ಅವಳ ಕಣ್ಣಲ್ಲಿ ನೀರು ತುಂಬಿತು. ಕ್ಯಾಸೆಟ್ಟಿನಲ್ಲಿ ಕೇಳಿ ಕೇಳಿ ಸವೆದಿದ್ದ ಹಾಡು ಅವಳೆದುರು ಉಸಿರಾಡುತ್ತಿತ್ತು.

ಅಷ್ಟರಲ್ಲಿ ಸ್ಪ್ರಿಂಕ್ಲರ್ ಪೈಪು ಬದಲಾಯಿಸಲೆಂದು ಬೊಮ್ಮಯ್ಯ ಎಂಜಿನ್ ನಿಲ್ಲಿಸಿದ. ತಾಳವೂ ಅಲ್ಲೇ ಕುಸಿಯಿತು. ವಸಂತಮ್ಮ ಕೋಲು ಎತ್ತಿ ಹಿಡಿದಳು, ಎಲ್ಲಿ ಇಳಿಸಬೇಕೆಂದೇ ತಿಳಿಯಲಿಲ್ಲ.

ಮೊದಲು ನಕ್ಕವನು ದೇವರಾಜ. "ಗೊತ್ತಾಯ್ತು ಮಾರಾಯ್ತಿ," ಅಂದ. "ಅವತ್ತು ಡ್ರಮ್ ಬಾರಿಸಿದ್ದು ನೀನಲ್ಲ. ಅಪ್ಪನ ಎಂಜಿನ್ನು."

ಅವನು ತಮಾಷೆಗೆ ಹೇಳಿದ್ದು. ಆದರೆ ಮಾತು ಬಾಯಿಂದ ಬಿದ್ದ ಕೂಡಲೇ ಎಲ್ಲರಿಗೂ ಅದು ನಿಜವೆಂದು ಹೊಳೆಯಿತು. ಪಲ್ಪರಿಗೆ ಹೊಸ ಗೋಣಿ ಹಣ್ಣು ಸುರಿದಾಗ ಎಂಜಿನ್ ಭಾರಕ್ಕೆ ಏದುಸಿರು ಬಿಟ್ಟು ನಿಧಾನವಾಗುತ್ತಿತ್ತು, ಆಮೇಲೆ ಸುಧಾರಿಸಿಕೊಂಡು ಓಡುತ್ತಿತ್ತು. ಆಲ್ದೂರು ಜಗ್ಗು ಹುಟ್ಟಿದ್ದು ಅಲ್ಲಿಂದ. ಧನ್ಯಾ ತಲೆ ತಗ್ಗಿಸಿ ಇನ್ನೊಂದು ವಿಷಯ ಹೇಳಿದಳು: ಕ್ಯಾಸೆಟ್ಟಿನಲ್ಲಿ ಹಿಂದೆ ಡುಗುಡುಗು ಅಂತ ಒಂದು ಗಲಾಟೆ ಇತ್ತು, ಹಾಳು ಸದ್ದು ಅಂದುಕೊಂಡು ಕಂಪ್ಯೂಟರಿನಲ್ಲಿ ಅದನ್ನು ಅಳಿಸಿ, ಆ ಚೊಕ್ಕ ಮಾಡಿದ ಹಾಡನ್ನೇ ಅಜ್ಜಿಗೆ ಅಭ್ಯಾಸಕ್ಕೆ ಕಳಿಸಿದ್ದಳು.

ವಸಂತಮ್ಮ ಎದ್ದು ಪಲ್ಪರ್ ಮನೆಯೊಳಗೆ ಹೋದಳು. ಈಗ ಅಲ್ಲಿ ಕರೆಂಟಿನ ಮೋಟರು ಇತ್ತು. ಹಳೇ ಎಂಜಿನ್ ಮೂಲೆಯಲ್ಲಿ ಹರಿದ ಗೋಣಿ ಹೊದ್ದು ಕೂತಿತ್ತು. ಅವಳು ಗೋಣಿ ಸರಿಸಿ ಚಕ್ರದ ಮೇಲೆ ಕೈಯಿಟ್ಟಳು. ಅದರ ಮೇಲೆ ಸಿಟ್ಟು ಬಂತು. ಜೀವನವಿಡೀ ಇದೊಂದು ನನ್ನದು ಎಂದು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ತಿರುಗಿದ್ದೆನಲ್ಲ, ಅದೂ ಈ ಕಬ್ಬಿಣದ್ದೇ ಆಗಿತ್ತೇ ಎಂದುಕೊಂಡಳು. ಕಳಸದ ಅಡುಗೆ ಮನೆಯಲ್ಲಿ ಒರಳು ತಿರುಗಿಸುವಾಗ, ಗಂಡನ ಆಸ್ಪತ್ರೆಯ ಬೆಂಚಿನಲ್ಲಿ ಕಾಯುವಾಗ, ಧೈರ್ಯ ಬೇಕೆನಿಸಿದಾಗಲೆಲ್ಲ ಅವಳ ಬೆರಳು ತೊಡೆಯ ಮೇಲೆ ಈ ತಾಳ ಹಾಕುತ್ತಿತ್ತು. ಆ ಧೈರ್ಯವೂ ಎರವಲು ತಂದದ್ದು ಅನ್ನಿಸಿ ಅವಳಿಗೆ ಅಳು ಬಂತು. ಅತ್ತಳು. ಅಳುವುದಕ್ಕೆ ಅವಳು ಯಾವತ್ತೂ ನಾಚಿಕೊಂಡವಳಲ್ಲ.

ಶಶಿಧರ್ ಬಾಗಿಲಲ್ಲಿ ಬಂದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. ಅವನು ಸಮಾಧಾನದ ಮಾತೇನೂ ಆಡಲಿಲ್ಲ, ಅದು ಅವನಿಗೆ ಬರುವುದೂ ಇಲ್ಲ. ಎಂಜಿನ್ನಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, ಇದು ಸತ್ತಿಲ್ಲ, ಎಣ್ಣೆ ಹಾಕಿ ಕ್ಲೀನ್ ಮಾಡಿದರೆ ಎದ್ದೇಳುತ್ತದೆ ಅಂದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಾಗಿದ್ರೆ ಎಬ್ಬಿಸು ಶಶಿ. ಹುಡುಗಿ ಊರಿಗೆಲ್ಲ ಹೇಳಿ ಆಗಿದೆ. ಇದು ಓಡಿದ್ರೆ ಕೂತ್ಕೋತೀನಿ, ಇಲ್ದಿದ್ರೆ ಇಲ್ಲ."

ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಎದ್ದಿತು. ದೇವರಾಜ ಮತ್ತು ಶಶಿಧರ್ ಸೇರಿ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವರಿಳಿಸಿಕೊಂಡರು. ಕೊನೆಗೆ ಅದು ಒಂದು ಸಲ ಕೆಮ್ಮಿ, ಮಾಡಿನ ಕೊಳವೆಯಿಂದ ಕಪ್ಪು ಹೊಗೆ ಬಿಟ್ಟು, ಡುಗ್ ಡುಗ್ ಎಂದು ಹಿಡಿದುಕೊಂಡಿತು. ತನ್ನ ಮಾತು ತಂಗಿಗೆ ನಾಟಿದ್ದು ದೇವರಾಜನಿಗೆ ಗೊತ್ತಾಗಿತ್ತು. ಬಾಯಿ ಬಿಟ್ಟು ಹೇಳಲಾರದೆ ಸಂಜೆಯ ಹಾಡಿಗೆ ಡೀಸೆಲ್ ತಾನೇ ಹುಯ್ಯುತ್ತೇನೆ ಎಂದು ಕ್ಯಾನು ಹಿಡಿದು ಮುಂದೆ ಬಂದ. ಅಪ್ಪನ ರಕ್ತ ಎಲ್ಲಿ ಹೋಗುತ್ತದೆ, ಒಂದು ಹಾಡಿಗೆ ಸಾಕು ಎಂದು ಅಂದಾಜು ಮಾಡಿ ತಳ ಮುಚ್ಚುವಷ್ಟು ಹುಯ್ದ. ಆಂಪ್ಲಿಫೈಯರುಗಳಿಗೆಲ್ಲ ಈಗ ಲೈನಿನ ಕರೆಂಟು ಇತ್ತು. ಎಂಜಿನ್ ಬೇಕಾಗಿದ್ದದ್ದು ವಸಂತಮ್ಮನ ಕಿವಿಗೆ ಮಾತ್ರ.

ಸಂಜೆಯ ಹೊತ್ತಿಗೆ ಕಣ ತುಂಬಿತು. ಒಣಗಿಸಿದ ಪಾರ್ಚ್ಮೆಂಟ್ ಕಾಫಿ ಎಲ್ಲ ಗೋದಾಮು ಸೇರಿ ಖಾಲಿಯಾಗಿದ್ದ ನೆಲದ ಮೇಲೆ ಚಾಪೆ ಹಾಸಿದ್ದರು. ಸುತ್ತಲ ತೋಟಗಳವರು ಬಂದರು, ಕೂಲಿಗಳ ಲೈನ್ ಮನೆಗಳವರು ಬಂದರು, ಆಲ್ದೂರಿನ ಅಂಗಡಿಯವರು ಬೇಗ ಬಾಗಿಲು ಹಾಕಿ ಬಂದರು. ಹಿಂದೆ ಅದೇ ಕಣದಲ್ಲಿ ಅಳತೆಗೆ ಕಾದು ಕೂತಿದ್ದ ಸಿದ್ದಮ್ಮ ಎಂಬ ಮುದುಕಿ ಮಗನ ಬೈಕಿನ ಹಿಂದೆ ಕೂತು ಬಂದು, ಯಾರ ಅಪ್ಪಣೆಯನ್ನೂ ಕೇಳದೆ ಎಲ್ಲರಿಗಿಂತ ಮುಂದೆ ಕಾಲು ಚಾಚಿ ಕೂತಳು. ಅತ್ತಿಗುಂಡಿಯ ಹುಡುಗರು ಹಾಡಿದರು, ಮೂಡಿಗೆರೆಯವರು ಹಾಡಿದರು, ಧನ್ಯಾಳ ಬ್ಯಾಂಡು ಹಾಡಿತು. ಎಲ್ಲರ ಹಾಡಿನಲ್ಲೂ ಒಂದು ಜಾಗದಲ್ಲಿ ಆ ಜಗ್ಗು ಬಂದೇ ಬಂತು. ವಸಂತಮ್ಮ ಬದಿಯಲ್ಲಿ ಕೂತು ಕೇಳಿದಳು. ಮುಖ ಕಂಡರಿಯದ ಹುಡುಗರ ಕೈಯಲ್ಲಿ ತಮ್ಮ ಪಲ್ಪರ್ ಮನೆಯ ಏದುಸಿರು ಹೀಗೆ ಬದುಕಿರುವುದನ್ನು ಕಂಡು ಅವಳ ಎದೆ ತುಂಬಿತು. ಯಾರದ್ದಾದರೇನು, ಎಂಥಾ ಹಾಡಪ್ಪ ಇದು ಎಂದುಕೊಂಡಳು.

ಅವರ ಸರದಿ ಬಂದಾಗ ಧನ್ಯಾ ಮೈಕಿನಲ್ಲಿ ಹೆಚ್ಚು ಮಾತಾಡಲಿಲ್ಲ. ಇಲ್ಲಿಯವರೆಗೆ ನಾವು ಹಾಡಿದ್ದೆಲ್ಲ ಇವರಿಂದ ಕಲಿತದ್ದು ಎಂದಷ್ಟೇ ಹೇಳಿ ಕೆಳಗಿಳಿದು ಅಜ್ಜಿಗೆ ಕಾಣುವ ಹಾಗೆ ನಿಂತಳು. ಪಲ್ಪರ್ ಮನೆಯ ಬಾಗಿಲು ತೆರೆದಿತ್ತು, ಒಳಗೆ ಆಗಷ್ಟೇ ಮತ್ತೆ ಹಚ್ಚಿದ ಎಂಜಿನ್ ಓಡುತ್ತಿತ್ತು. ಬಾಗಿಲ ಪಕ್ಕದಲ್ಲೇ ಶಶಿಧರ್ ತನ್ನ ಹಲಸಿನ ಗಿಟಾರು ತಗುಲಿಸಿಕೊಂಡು ನಿಂತ. ವಸಂತಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಕೂತು, ಕಣ್ಣು ಮುಚ್ಚಿ, ಆ ಡುಗ್ ಡುಗ್ಗನ್ನು ಮೈಗೆ ಇಳಿಸಿಕೊಂಡು ಕೋಲು ಎತ್ತಿದಳು.

ಹಾಡು ಎದ್ದಿತು. ದೇವರಾಜನ ಗಂಟಲು ಒಡೆದಿತ್ತು, ಆದರೆ ಹಾಡಿಗೆ ಒಡೆದ ಗಂಟಲೇ ಹೊಂದಿತು. ಬುಟ್ಟಿ ತುಂಬಿತು ಅನ್ನುವಾಗ ಸಿದ್ದಮ್ಮ ಕಾಲು ಕುಟ್ಟಿದಳು, ಅವಳ ಹಿಂದೆ ಚಾಪೆಗಳ ಸಾಲಿಗೆ ಸಾಲೇ ಕುಟ್ಟಿತು. ವಸಂತಮ್ಮನಿಗೆ ಅದೆಲ್ಲ ದೂರದಿಂದ ಕೇಳುತ್ತಿತ್ತು. ಹತ್ತಿರ ಇದ್ದದ್ದು ಎಂಜಿನ್ ಒಂದೇ. ಅದು ಎದೆಯ ಪಕ್ಕದಲ್ಲೇ ಓಡುತ್ತಿತ್ತು. ಹಸಿ ಹಣ್ಣಿನ ಸಿಹಿ ವಾಸನೆ ಮೂಗಿಗೆ ಬಂತು, ಹಣ್ಣು ತೊಳೆಯುವ ಕಾಲುವೆಯಲ್ಲಿ ನೀರು ಹರಿಯುವುದು ಕೇಳಿತು, ಗೋಣಿಯ ಬಾಯಿ ಬಿಚ್ಚಿ ಹಣ್ಣು ಸುರಿದರು. ಎಂಜಿನ್ ಜಗ್ಗಿತು. ಅವಳೂ ಜಗ್ಗಿದಳು, ಇಡೀ ಕಣ ಉಸಿರು ಹಿಡಿಯಿತು. ಆಮೇಲೆ ಎಂಜಿನ್ ನುಗ್ಗಿತು, ಅವಳೂ ನುಗ್ಗಿದಳು. ಜನ ಎದ್ದು ನಿಂತು ಕುಣಿದರು. ಅಷ್ಟು ಸುಖ ಅವಳಿಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಕೊನೆಯ ಪೆಟ್ಟು ಹೊಡೆದು ಕಣ್ಣು ಬಿಟ್ಟಾಗ ಚಪ್ಪಾಳೆ ನಿಲ್ಲುತ್ತಲೇ ಇರಲಿಲ್ಲ. ರವಿಕೆ ಬೆವರಿಗೆ ತೊಯ್ದಿತ್ತು. ಅಪ್ಪನ ನೆನಪಾಗಿ ಅವಳಿಗೆ ನಗು ಬಂತು. ಬಾಗಿಲ ಬಳಿ ನಿಂತಿದ್ದ ಶಶಿಧರನ ಕಡೆ ತಿರುಗಿದಳು.

"ಶಶಿ, ನಿಲ್ಸು ಅದನ್ನ. ಡೀಸೆಲ್ ಸುಮ್ನೆ ಉರೀತಿದೆ."

ಶಶಿಧರ್ ಅಲ್ಲಾಡಲಿಲ್ಲ. ಅವಳನ್ನೇ ವಿಚಿತ್ರವಾಗಿ ನೋಡುತ್ತಿದ್ದ.

"ಅದು ಎರಡ್ನೇ ಚರಣದಲ್ಲೇ ನಿಂತುಹೋಯ್ತು ವಸಂತಕ್ಕ. ದೇವರಾಜಣ್ಣ ಹಾಕಿದ್ ಡೀಸೆಲ್ ಎಷ್ಟು ಹೊತ್ತು ಬರುತ್ತೆ? ನಾನು ಇಲ್ಲೇ ನಿಂತು ಚಕ್ರ ನೋಡ್ತಾ ಇದ್ದೆ." ಅವನು ಬಾಗಿಲೊಳಗೆ ಕೈ ತೋರಿಸಿದ. "ಹಣ್ಣೂ ಇರ್ಲಿಲ್ಲ, ಎಂಜಿನ್ನೂ ಇರ್ಲಿಲ್ಲ. ಜಗ್ಗಿದ್ದು ನೀವೇ."

ವಸಂತಮ್ಮ ಪಲ್ಪರ್ ಮನೆಯ ಕಡೆ ನೋಡಿದಳು. ಚಕ್ರ ನಿಂತಿತ್ತು. ಕೊಳವೆಯಲ್ಲಿ ಹೊಗೆ ಇರಲಿಲ್ಲ. ದೇವರಾಜ ಗಿಟಾರು ಕೆಳಗಿಟ್ಟು ಹತ್ತಿರ ಬಂದು ತಂಗಿಯ ಭುಜದ ಮೇಲೆ ಕೈಯಿಟ್ಟ. ತಾನು ಇನ್ನಷ್ಟು ಡೀಸೆಲ್ ತರುತ್ತೇನೆ ಎಂದು ಆಮೇಲೆ ಮೆಲ್ಲಗೆ ಅಂದ.

ಅವಳು ಕೋಲುಗಳನ್ನು ಸೆರಗಿಗೆ ಒರೆಸಿ ಮತ್ತೆ ಕೈಗೆತ್ತಿಕೊಂಡಳು.

"ಇನ್ನೊಂದು ಹಾಡು ಎತ್ಕೋ ಅಣ್ಣ," ಅಂದಳು. "ಡೀಸೆಲ್ ಬೇಡ."